ಬಾಲ್ಕನಿಯಲ್ಲಿ ಊಟ

ಆ ಭಾನುವಾರ ಮನೆಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಸಾರು. ಸೊಸೆ ಜ್ಯೋತಿ ಬೆಳಿಗ್ಗೆಯೇ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಮಾರ್ಕೆಟ್ಟಿಗೆ ಹೋಗಿ, ಕಿವಿರು ಎತ್ತಿ ನೋಡಿ, ಕೆಂಪಗಿದ್ದ ಮೀನನ್ನೇ ಆರಿಸಿ ತಂದಿದ್ದಳು. ಹಾಲ್‌ನಲ್ಲಿ ನೆಲದ ಮೇಲೆ ನಾಲ್ಕು ತಟ್ಟೆ ಇಟ್ಟಾಗಿತ್ತು. ಐದನೆಯ ತಟ್ಟೆ ಮೊಮ್ಮಗ ಮನೀಶನ ಕೈಯಲ್ಲಿ. ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತು ಅನ್ನ, ತೊವ್ವೆ, ಒಂದು ಹಪ್ಪಳ ಹಾಕಿಸಿಕೊಂಡ. ಮೀನಿನ ಸೌಟು ಹತ್ತಿರ ಬಂದಾಗ ತಟ್ಟೆಯನ್ನು ಹಿಂದಕ್ಕೆಳೆದ. ಮತ್ತೆ ಬಾಲ್ಕನಿಗೆ ಹೋಗಿ ಪರದೆ ಎಳೆದುಕೊಂಡ.

ಹದಿನೇಳು ವರ್ಷದ ಹುಡುಗ. ಮೂಗಿನಿಂದ ಗದ್ದದವರೆಗೆ ನೀಲಿ ಮಾಸ್ಕ್. ಊರಿಗೆಲ್ಲ ಕೊರೋನಾ ಮರೆತುಹೋಗಿ ಎರಡು ವರ್ಷವಾಗುತ್ತ ಬಂದರೂ ಅವನ ಮುಖದಿಂದ ಅದು ಇಳಿದಿರಲಿಲ್ಲ. ಮನೆಯೊಳಗೂ ಮಾಸ್ಕ್, ಲೋಕಲ್ ಟ್ರೇನಿನಲ್ಲೂ ಮಾಸ್ಕ್, ಕಾಲೇಜಿನಲ್ಲೂ ಮಾಸ್ಕ್. ಮೊದಮೊದಲು ಜ್ಯೋತಿ ಗದರಿದಳು, ಅವನ ಅಪ್ಪ ಉಮಾನಾಥ ತಮಾಷೆ ಮಾಡಿದ. ಆಮೇಲೆ ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತು. ಒಂದು ಬೆಡ್‌ರೂಮಿನ ಮನೆಯಲ್ಲಿ ಐದು ಜನ ಬದುಕಬೇಕಾದರೆ ಎಷ್ಟೋ ಸಂಗತಿಗಳನ್ನು ಕಂಡೂ ಕಾಣದಂತಿರುವುದನ್ನು ಕಲಿಯಬೇಕಾಗುತ್ತದೆ.

ಆದರೆ ಆ ದಿನ ಅಜ್ಜ ದೇಜಪ್ಪನವರ ಕಣ್ಣು ಪರದೆಯ ಮೇಲೆಯೇ ನೆಟ್ಟಿತ್ತು. ಹಿಂದಿನ ಸಂಜೆ ಬಿಲ್ಡಿಂಗಿನ ಕೆಳಗಿನ ಬೆಂಚಿನಲ್ಲಿ ಕೂತಿದ್ದಾಗ ಸೈದಪ್ಪ ಒಂದು ಮಾತು ಹೇಳಿದ್ದರು. ಸೈದಪ್ಪ ಎರಡನೇ ಮಾಳಿಗೆಯವರು, ಕೆಮಿಕಲ್ ಕಾರ್ಖಾನೆಯಿಂದ ರಿಟೈರಾದವರು, ವಿಜಾಪುರದ ಕಡೆಯ ಮನುಷ್ಯ.

"ವಿಠ್ಠಲವಾಡಿಯಾಗ ನಮ್ಮ ತಮ್ಮನ ಮಗ ಅದಾನಲ್ರೀ, ಇಪ್ಪತ್ತು ವರ್ಷದವ. ಬಾಯಾಗ ಎರಡು ಬೆರಳು ಸೈತ ಹೋಗವಲ್ವು. ಗುಟ್ಕಾ. ಲಾಕ್‌ಡೌನಿನ್ಯಾಗ ಮನ್ಯಾಗ ಕುಂತು ಕಲ್ತದ್ದಂತ. ಹೆತ್ತವರಿಗೆ ಗೊತ್ತೇ ಆಗಿಲ್ಲ."

"ಅದು ಹೇಗೆ ಗೊತ್ತಾಗದೆ ಇರ್ತದೆ?"

"ಹೆಂಗ ಗೊತ್ತಾಗಬೇಕ್ರೀ ದೇಜಪ್ಪಣ್ಣ, ಮೂರೂ ಹೊತ್ತು ಬಾಯಿಗೆ ಮಾಸ್ಕ್."

ಇಷ್ಟು ಹೇಳಿ ಸೈದಪ್ಪ ಗೇಟಿನ ಕಡೆ ನೋಡತೊಡಗಿದರು. ಬೇಕೆಂದೇ ಹೇಳಿದರೋ, ಬಾಯಿತಪ್ಪಿ ಹೇಳಿದರೋ ದೇಜಪ್ಪನವರಿಗೆ ತಿಳಿಯಲಿಲ್ಲ. ಆದರೆ ಮುಳ್ಳು ನಾಟಿತು.

ದೇಜಪ್ಪ ಬಂಗೇರರು ಠಾಣೆ ಊರಿನ ಕೆರೆಯ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಗಲ್ಲಾದಲ್ಲಿ ಕೂತವರು. ಯಾವ ಗಿರಾಕಿ ಕೈ ತೊಳೆಯುವ ನೆಪದಲ್ಲಿ ಹಿಂದಿನ ಬಾಗಿಲಿಂದ ಜಾರುತ್ತಾನೆ, ಯಾವ ವೇಟರಿನ ಜೇಬಿನಲ್ಲಿ ಚಮಚ ಇದೆ, ಎಲ್ಲ ಅವರಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಕೊರೋನಾದಲ್ಲಿ ಮುಚ್ಚಿದ ಹೋಟೆಲು ಮತ್ತೆ ತೆರೆಯಲಿಲ್ಲ. ಮರು ವರ್ಷ ಎರಡನೇ ಅಲೆಯಲ್ಲಿ ಹೆಂಡತಿ ದಮಯಂತಿ ಹೋದಳು. ಉಳಿದದ್ದು ಆ ಕಣ್ಣು ಮಾತ್ರ. ಅದಕ್ಕೀಗ ನೋಡಲಿಕ್ಕೆ ಮನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ.

"ಅವನು ಮೀನು ಬಿಟ್ಟು ಎಷ್ಟು ಸಮಯ ಆಯ್ತು?" ಎಂದು ಊಟದ ನಡುವೆ ಕೇಳಿದರು.

"ಮೂರು ವರ್ಷ ಆಯ್ತಲ್ಲ ಮಾವ," ಎಂದಳು ಜ್ಯೋತಿ.

"ಯಾಕೆ ಬಿಟ್ಟದ್ದು?"

"ವಾಸನೆ ಅಂತಾನೆ."

"ಬಂಗೇರರ ಮನೆಯಲ್ಲಿ ಹುಟ್ಟಿದವನಿಗೆ ಮೀನು ವಾಸನೆಯಾ? ಖಾರ ತಾಗಿದ್ರೆ ಬಾಯಿ ಉರೀತದಾ ಅಂತ ಒಮ್ಮೆ ಕೇಳು."

ಮೊಮ್ಮಗಳು ತೃಪ್ತಿ ತಟ್ಟೆಯಿಂದ ತಲೆ ಎತ್ತಿದಳು. ಅವಳು ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಆಫೀಸಿಗೆ ಹೋಗುವವಳು, ತಮ್ಮನಿಗಿಂತ ಐದು ವರ್ಷಕ್ಕೆ ದೊಡ್ಡವಳು. "ಅಜ್ಜ, ಅವನಿಗೆ ಇಷ್ಟ ಇಲ್ಲ ಅಷ್ಟೇ. ಛೋಡೋ ನಾ."

ಉತ್ತರ ಇಷ್ಟು ಬೇಗ ಬಂದದ್ದು ದೇಜಪ್ಪನವರಿಗೆ ಸರಿಕಾಣಲಿಲ್ಲ. ಇವಳಿಗೆ ಏನೋ ಗೊತ್ತುಂಟು ಎಂದುಕೊಂಡರು.

ಮರುದಿನದಿಂದ ಅವರು ಮನೀಶನನ್ನು ಗಮನಿಸತೊಡಗಿದರು. ಹುಡುಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾತ್‌ರೂಮಿಗೆ ಹೋಗುತ್ತಾನೆ, ಹೊರಗೆ ಬರುವಾಗ ಮಾಸ್ಕ್ ಆಗಲೇ ಇರುತ್ತದೆ. ಚಹಾ ಬಾಲ್ಕನಿಯಲ್ಲಿ. ಅವನ ಹಾಸಿಗೆಯೂ ಅಲ್ಲೇ, ಗ್ರಿಲ್ ಹಾಕಿ ಮುಚ್ಚಿದ ಆರಡಿ ಜಾಗದಲ್ಲಿ. ತಟ್ಟೆಯನ್ನು ಯಾರ ಕೈಗೂ ಕೊಡದೆ ತಾನೇ ತೊಳೆದಿಡುತ್ತಾನೆ. ತಲೆಕೂದಲು ಹಿಂದುಗಡೆ ಏರುಪೇರು, ಸಲೂನಿಗೆ ಹೋಗದೆ ತಾನೇ ಕತ್ತರಿಸಿಕೊಳ್ಳುತ್ತಾನೆ. ಕಲ್ಯಾಣದ ಜೂನಿಯರ್ ಕಾಲೇಜಿಗೆಂದು ಒಂಬತ್ತಕ್ಕೆ ಹೊರಡುತ್ತಾನೆ. ಒಂದು ದಿನ ಹನ್ನೊಂದಕ್ಕೇ ವಾಪಸು. "ಲೆಕ್ಚರ್ ನಹೀ ಥಾ," ಅಂದ.

ಡಿಸೆಂಬರಿನಲ್ಲಿ ಎರಡು ಸಾಕ್ಷಿ ಸಿಕ್ಕವು. ಒಗೆದು ಹಾಕಿದ ಬಟ್ಟೆಯ ಮಾಸ್ಕೊಂದರ ಒಳಬದಿಯಲ್ಲಿ ಕಂದುಗೆಂಪು ಕಲೆ ಇತ್ತು. ಜ್ಯೋತಿಗೆ ತೋರಿಸಿದಾಗ ಅವಳು ಅದನ್ನು ಹಗ್ಗದಿಂದ ಕಿತ್ತುಕೊಂಡು, "ಸಾಸಿನದ್ದಿರಬೇಕು," ಎಂದು ಒಳಗೆ ಹೋದಳು. ಅವಳು ಡೊಂಬಿವಲಿಯದೇ ರಾಮನಗರದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಮಗನಿಗೆ ಮಾಸ್ಕುಗಳನ್ನು ತಂದುಕೊಡುವವಳೂ ಅವಳೇ. ಅಮ್ಮನೂ ಸೇರಿಕೊಂಡಿದ್ದಾಳೆ ಎಂದು ದೇಜಪ್ಪನವರಿಗೆ ಅನಿಸಿತು.

ಎರಡನೆಯದು ಏಲಕ್ಕಿ.

"ಮಾವ, ಏಲಕ್ಕಿ ನೀವು ತಿಂತೀರಾ?" ಎಂದು ಒಂದು ಬೆಳಿಗ್ಗೆ ಜ್ಯೋತಿ ಡಬ್ಬಿ ಹಿಡಿದುಕೊಂಡೇ ಬಂದಳು.

"ನಾನಾ? ನನಗೆ ಎಂತಕ್ಕೆ ಏಲಕ್ಕಿ?"

"ಹೋದ ವಾರ ತುಂಬಿಸಿಟ್ಟದ್ದು. ಈಗ ನಾಲ್ಕು ಉಂಟು. ಹಗಲಿಡೀ ಮನೆಯಲ್ಲಿ ಇರುವವರು ನೀವೊಬ್ಬರೇ."

"ಅಂದ್ರೆ ನಾನು ಕದಿಯುವವನಾ?"

"ನಾನು ಹಾಗೆ ಹೇಳಿದ್ನಾ? ಕೇಳಿದ್ದು ಅಷ್ಟೇ."

"ಕೇಳುವವರನ್ನು ಕೇಳು. ಬಾಯಿ ವಾಸನೆ ಮುಚ್ಚಲಿಕ್ಕೆ ಯಾರಿಗೆ ಬೇಕು ಅಂತ ಕೇಳು."

ಶರಟಿನ ಗುಂಡಿ ಹಾಕುತ್ತಿದ್ದ ಉಮಾನಾಥ ನಿಂತ. ಅವನು ಐರೋಲಿಯ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ಎಂಟೂ ಹತ್ತರ ಗಾಡಿ ತಪ್ಪಿದರೆ ಅವನಿಗೆ ದಿನವೇ ಹಾಳು. "ಅಪ್ಪ, ನೇರ ಹೇಳಿ. ಏನು ನಿಮ್ಮ ಸಂಶಯ?"

"ನಿನ್ನ ಮಗ ಗುಟ್ಕಾ ತಿಂತಾನೆ."

"ನೋಡಿದ್ದೀರಾ?"

"ಬಾಯಿಯೇ ಕಾಣದಿದ್ರೆ ಎಲ್ಲಿಂದ ನೋಡುವುದು? ನೀನು ನೋಡಿದ್ದೀಯಾ? ಮಗನ ಮುಖ ಕಡೇ ಸಲ ಯಾವಾಗ ನೋಡಿದ್ದು, ಹೇಳು."

ಉಮಾನಾಥ ಟಿಫಿನ್ ಎತ್ತಿಕೊಂಡು ಹೋದ. ಜ್ಯೋತಿ ಡಬ್ಬಿಯ ಮುಚ್ಚಳವನ್ನು ಎರಡೆರಡು ಸಲ ಮುಚ್ಚಿದಳು. ಅಂದಿನಿಂದ ಏಲಕ್ಕಿ ಡಬ್ಬಿ ಅವಳ ಕಪಾಟಿನೊಳಗೆ ಸೇರಿತು.

ಮನೀಶ ಸ್ನಾನಕ್ಕೆ ಹೋದ ಒಂದು ಶನಿವಾರ ದೇಜಪ್ಪ ಅವನ ಬ್ಯಾಗು ತೆರೆದರು. ಪುಸ್ತಕ, ಚಾರ್ಜರ್, ಐದು ಮಾಸ್ಕು, ಕಾಗದದಲ್ಲಿ ಸುತ್ತಿದ ಏಲಕ್ಕಿ. ಗುಟ್ಕಾದ ಪೊಟ್ಟಣ ಇರಲಿಲ್ಲ. ತಳದಲ್ಲಿ ಒಂದು ಪುಟ್ಟ ಕನ್ನಡಿ ಇತ್ತು, ಹೆಂಗಸರ ಪೌಡರ್ ಡಬ್ಬಿಯಿಂದ ಕಿತ್ತದ್ದು. ಯಾರಿಗೂ ಮುಖ ತೋರಿಸದ ಹುಡುಗನಿಗೆ ಕನ್ನಡಿ ಯಾಕೆ? ಹಾಗಾದರೆ ಹುಡುಗಿಯ ಸಂಗತಿಯೋ? ಅವರು ಎಲ್ಲವನ್ನೂ ಇದ್ದ ಹಾಗೆಯೇ ಇಡಲು ನೋಡಿದರು. ಆದರೆ ಝಿಪ್ ಎಳೆಯುವಾಗ ಬಾತ್‌ರೂಮಿನ ಬಾಗಿಲು ತೆರೆಯಿತು. ಮನೀಶ ನೋಡಿದ. ಬ್ಯಾಗನ್ನು ಎತ್ತಿಕೊಂಡು ಪರದೆಯ ಹಿಂದೆ ಹೋದ. ಆಮೇಲೆ ಆ ಬ್ಯಾಗು ಎಲ್ಲಿಯೂ ಕಾಣಲು ಸಿಗಲಿಲ್ಲ. ಸ್ನಾನಕ್ಕೂ ಜೊತೆಯಲ್ಲೇ ಹೋಗುತ್ತಿತ್ತು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಕಾಲೇಜಿನಿಂದ ಜ್ಯೋತಿಗೆ ಫೋನು ಬಂತು. ಇಂಗ್ಲಿಷಿನ ಓರಲ್, ಅಂದರೆ ಮೌಖಿಕ ಪರೀಕ್ಷೆಯ ಪ್ರಿಲಿಮ್‌ಗೆ ಮನೀಶ ಬಂದಿಲ್ಲ, ಕ್ಲಾಸಿಗೂ ಸರಿಯಾಗಿ ಬರುತ್ತಿಲ್ಲ, ಫೆಬ್ರವರಿಯಲ್ಲಿ ಬೋರ್ಡಿನ ಓರಲ್ ತಪ್ಪಿಸಿದರೆ ಹನ್ನೆರಡನೆಯದು ಕೈಬಿಟ್ಟ ಹಾಗೆಯೇ ಎಂದು ಮೇಡಂ ಹೇಳಿದರು. ಆ ಸಂಜೆ ಉಮಾನಾಥ ಕೂಗಾಡಿದ, ಜ್ಯೋತಿ ಅತ್ತಳು. ಮನೀಶ ಗೋಡೆಗೆ ಒರಗಿ ನಿಂತು, "ತಲೆನೋವಿತ್ತು," ಎಂದಷ್ಟೇ ಹೇಳಿದ. ತಾನು ಹೇಳಿದ್ದು ಸರಿಯಾಯಿತಲ್ಲ ಎಂಬ ಒಂದು ಬಗೆಯ ಸಮಾಧಾನ ದೇಜಪ್ಪನವರಿಗಿತ್ತು.

ಸಂಕ್ರಾಂತಿಯ ದಿನ ಸೋಮವಾರ. ಕಾಲೇಜಿಗೆ ರಜೆ ಇತ್ತು, ಉಮಾನಾಥನೂ ಹಬ್ಬಕ್ಕೆ ರಜೆ ಹಾಕಿ ಮನೆಯಲ್ಲಿದ್ದ. ಸಂಜೆ ಸೈದಪ್ಪ ಎಳ್ಳುಂಡೆಯ ಡಬ್ಬಿ ಹಿಡಿದುಕೊಂಡು ಮೇಲೆ ಬಂದರು. ಎಲ್ಲರ ಕೈಗೂ ಒಂದೊಂದು ಕೊಟ್ಟರು. ಮನೀಶನನ್ನು ಕರೆದಾಗ ಅವನು ಪರದೆ ಸರಿಸಿ ಬಂದು, ಕಾಲು ಮುಟ್ಟಿ, ಉಂಡೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

"ಇಲ್ಲೇ ತಿನ್ನು," ಎಂದರು ದೇಜಪ್ಪ.

"ಆಮೇಲೆ ತಿಂತೇನೆ ಅಜ್ಜ."

"ದೊಡ್ಡವರು ಕೈಯಲ್ಲಿ ಕೊಟ್ಟದ್ದು. ಬಾಯಿಗೆ ಹಾಕು."

"ಇರ್ಲಿ ಬಿಡ್ರೀ," ಎಂದರು ಸೈದಪ್ಪ.

"ಇಲ್ಲ, ಬಿಡುವುದಿಲ್ಲ. ಬಾಯಿ ತೆರೆಯಲಿಕ್ಕೆ ಆಗ್ತದಾ ಇಲ್ವಾ ಅಂತ ಇವತ್ತು ಗೊತ್ತಾಗಲಿ."

ದೇಜಪ್ಪ ಎದ್ದು ಕೈ ಚಾಚಿ ಮಾಸ್ಕನ್ನು ಹಿಡಿದು ಎಳೆದರು. ಒಂದು ಕಿವಿಯ ದಾರ ಫಟ್ಟೆಂದು ಹರಿಯಿತು.

ಮೊದಲು ಅವರಿಗೆ ಗುರುತೇ ಸಿಗಲಿಲ್ಲ. ಅವರ ನೆನಪಿನಲ್ಲಿದ್ದದ್ದು ಹದಿಮೂರು ಹದಿನಾಲ್ಕರ ದುಂಡು ಮುಖ. ಇದು ಯಾರೋ ಗಂಡಸಿನ ಮುಖ. ಮೇಲ್ದುಟಿಯ ಮೇಲೆ ಮೀಸೆ ಮೂಡಿತ್ತು, ಗದ್ದದಲ್ಲಿ ಅಲ್ಲಲ್ಲಿ ಗಡ್ಡ. ಕಣ್ಣಿನ ಸುತ್ತ ಬಿಸಿಲಿಗೆ ಕಪ್ಪಾದ ಚರ್ಮ, ಕೆಳಗೆ ನೆರಳಿನಲ್ಲಿ ಬೆಳೆದ ಗಿಡದ ಹಾಗೆ ಬಿಳಿಚಿದ ಚರ್ಮ. ಕೆಳದುಟಿಯನ್ನು ಕಚ್ಚಿ ಕಚ್ಚಿ ಹಸಿ ಗಾಯವಾಗಿ ರಕ್ತ ಒಸರುತ್ತಿತ್ತು.

"ಬಾಯಿ ತೆರೆ," ಎಂದರು ದೇಜಪ್ಪ. ಶುರುಮಾಡಿದ್ದನ್ನು ಮುಗಿಸಲೇಬೇಕೆಂಬ ಹಟವೊಂದು ಅವರನ್ನು ಹಿಡಿದಿತ್ತು.

ಮನೀಶ ತೆರೆದ. ಎದುರಾಡದೆ, ಡಾಕ್ಟರ ಮುಂದೆ ತೆರೆಯುವ ಹಾಗೆ, ಅಗಲಕ್ಕೆ ತೆರೆದ. ಬಿಳಿ ಹಲ್ಲು, ಕೆಂಪು ನಾಲಿಗೆ. ಕಲೆ ಇಲ್ಲ, ಏನೂ ಇಲ್ಲ. ಸೈದಪ್ಪ ತಲೆ ತಗ್ಗಿಸಿದರು. ಹುಡುಗ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಓಡಿ ಬಾತ್‌ರೂಮಿನ ಚಿಲಕ ಹಾಕಿಕೊಂಡ. ನಲ್ಲಿ ಬಿಟ್ಟ ಶಬ್ದ ಕೇಳಿತು.

ಅರ್ಧ ಗಂಟೆಯಾದರೂ ನಲ್ಲಿ ನಿಲ್ಲಲಿಲ್ಲ. ಉಮಾನಾಥ ಬಾಗಿಲು ಬಡಿದ. "ಮನೀಶ್, ಬಾಹೇರ್ ಯೇ. ಹೊರಗೆ ಬಾ. ಯಾರೂ ಏನೂ ಹೇಳುದಿಲ್ಲ."

ಅವನು ಭುಜ ಕೊಟ್ಟು ಬಾಗಿಲನ್ನು ತಳ್ಳಿ ನೋಡಿದ.

"ಒಡೀತೇನೆ ಬಾಗಿಲು," ಎಂದ ಉಮಾನಾಥ.

ಜ್ಯೋತಿ ಅವನ ತೋಳು ಹಿಡಿದಳು. "ಬಡಿಬೇಡಿ. ನಿಮ್ಮ ರೇಜರ್ ಒಳಗೆ ಉಂಟು."

ಉಮಾನಾಥನ ಕೈ ಬಾಗಿಲ ಮೇಲೆಯೇ ನಿಂತುಬಿಟ್ಟಿತು. ಸೈದಪ್ಪ ಡಬ್ಬಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಲಿಳಿದು ಹೋದರು.

ಆ ಹೊತ್ತಿಗೆ ತೃಪ್ತಿ ಆಫೀಸಿನಿಂದ ಬಂದಳು. ಹರಿದ ಮಾಸ್ಕ್ ನೆಲದ ಮೇಲೆ ಬಿದ್ದಿತ್ತು. ಅವಳಿಗೆ ಅಜ್ಜನ ಮುಖ ನೋಡಿದ್ದೇ ಸಾಕಾಯಿತು.

"ಸಿಕ್ಕಿತಾ ಗುಟ್ಕಾ?"

"ನನಗೆ ಅವನ ಒಳ್ಳೆದಕ್ಕೇ—"

"ನಾನು ಹೇಳುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಈಗ ಹೇಳ್ತೇನೆ." ಅವಳು ಮೊಬೈಲ್ ತೆಗೆದಳು. "ಬಿ ವಿಂಗಿನ ಕೌಶಲ್ ಇದ್ದಾನಲ್ಲ, ಮನೀಶನ ಕ್ಲಾಸು. ಅವನ ಹತ್ತಿರ ಕಾಡಿ ಬೇಡಿ ತಗೊಂಡದ್ದು. ಲಾಕ್‌ಡೌನಿನ ಆಗಸ್ಟ್ ತಿಂಗಳದ್ದು, ಒಂಬತ್ತನೇ ಕ್ಲಾಸಿನ ಆನ್‌ಲೈನ್ ಪಾಠ. ನೋಡಿ."

ಸಣ್ಣ ಪರದೆಯಲ್ಲಿ ಮಕ್ಕಳ ಮುಖಗಳ ಚೌಕಗಳು. ಒಂದು ಚೌಕ ದೊಡ್ಡದಾಯಿತು: ಮನೀಶ, ಅವನ ಹಿಂದೆ ಇದೇ ಹಾಲ್‌ನ ಇದೇ ಗೋಡೆ. ಎದ್ದು ನಿಂತು ಇಂಗ್ಲಿಷ್ ಪಾಠ ಓದುತ್ತಿದ್ದಾನೆ. ಒಂದು ಶಬ್ದದ ಹತ್ತಿರ ತಡವರಿಸಿ ಬಾಯಿ ತೆರೆದು ನಿಂತಿದ್ದಾನೆ. ಆಗ ಎಲ್ಲಿಂದಲೋ ಗಡಸು ಸ್ವರವೊಂದು: "ಇಡೀ ದಿನ ಮೊಬೈಲ್ ಹಿಡ್ಕೊಂಡು ಅದೇ ಗಲಾಟೆ. ಅವನ ಬಾಯಿ ನೋಡು, ಸತ್ತ ಬಂಗುಡೆ ಬಾಯಿ ಬಿಟ್ಟ ಹಾಗೆ."

ಮತ್ತೆ ಯಾರೋ ಹುಡುಗ ನಕ್ಕ. "ಬಾಂಗ್ಡಾ? ಬಾಂಗ್ಡಾ ಬೋಲಾ ಕ್ಯಾ?" ಆಮೇಲೆ ಎಲ್ಲ ಚೌಕಗಳಿಂದಲೂ ನಗು. ಮನೀಶನ ತುಟಿ ಅದುರುತ್ತಿರುವಲ್ಲಿಗೆ ವಿಡಿಯೋ ನಿಂತಿತು.

"ಉಳಿದದ್ದು ಯಾವುದೂ ಅವರಿಗೆ ಅರ್ಥ ಆಗಿಲ್ಲ. ಬಂಗುಡೆ ಅಂದ್ರೆ ಬಾಂಗ್ಡಾ, ಅದೊಂದು ಅರ್ಥ ಆಯ್ತು," ಎಂದಳು ತೃಪ್ತಿ. "ಮೀನಿಗೆ ಅವನ ಮುಖ ಅಂಟಿಸಿ ಸ್ಟಿಕರ್ ಮಾಡಿದ್ರು. ಗುಡ್ ಮಾರ್ನಿಂಗಿಗೆ ಅದೇ, ಬರ್ತ್‌ಡೇಗೆ ಅದೇ. ಒಂದೂವರೆ ವರ್ಷ ಮನೆಯೊಳಗೆ ಕೂತು ಅವನು ಅದನ್ನೇ ನೋಡಿದ್ದು. ಶಾಲೆ ತೆರೆದಾಗ ಎಲ್ಲರಿಗೂ ಮಾಸ್ಕ್ ಇತ್ತು, ಇವನಿಗೆ ಜೀವ ಬಂತು. ಎಲ್ಲರೂ ತೆಗೆದ್ರು, ಇವನಿಗೆ ಆಗ್ಲಿಲ್ಲ. ಬಾಯಿ ವಾಸನೆ ಬರ್ತದೆ ಅಂತ ಏಲಕ್ಕಿ ಜಗೀತಾನೆ. ಹತ್ತು ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ನೋಡ್ಕೊಳ್ತಾನೆ. ಓರಲ್‌ಗೆ ಮಾಸ್ಕ್ ತೆಗಿಬೇಕು. ಅದಕ್ಕೆ ಹೋಗಲಿಲ್ಲ."

ದೇಜಪ್ಪ ಮೊಬೈಲನ್ನು ಕೈಯಿಂದ ದೂರ ತಳ್ಳಿದರು. ಮತ್ತೆ, "ಅದು ನನ್ನ ಸ್ವರ ಅಲ್ಲ," ಎಂದರು. "ಈಗೆಲ್ಲ ಜೋಡಿಸ್ತಾರೆ. ಯಾರೋ ಜೋಡಿಸಿದ್ದು."

ತೃಪ್ತಿ ವಾದಿಸಲಿಲ್ಲ. ಸ್ವರ ದೊಡ್ಡದು ಮಾಡಿ ಮತ್ತೊಮ್ಮೆ ಹಾಕಿ, ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದಳು. ಈ ಸಲ ಗಡಸು ಸ್ವರದ ಹಿಂದೆಯೇ, ನಗುವಿನ ಅಡಿಯಲ್ಲಿ, ಇನ್ನೊಂದು ದನಿ ಕೇಳಿತು. ಅಡುಗೆಮನೆಯಿಂದ ಹೆಂಗಸೊಬ್ಬಳು ಹೇಳುತ್ತಿದ್ದಳು: "ಮಗುವಿಗೆ ಯಾಕೆ ಬೈತೀರಿ? ಓದ್ಲಿಕ್ಕೆ ಬಿಡಿ."

ದಮಯಂತಿ. ಆ ಸ್ವರವನ್ನು ಅವರು ಕೇಳದೆ ಮೂರು ವರ್ಷವಾಗುತ್ತ ಬಂದಿತ್ತು. ಅದನ್ನು ಯಾರೂ ಜೋಡಿಸಲು ಸಾಧ್ಯವಿರಲಿಲ್ಲ. ದೇಜಪ್ಪ ಗೋಡೆ ಹಿಡಿದು ನೆಲಕ್ಕೆ ಕೂತರು.

ಅಷ್ಟರಲ್ಲಿ ಜ್ಯೋತಿ ಕಪಾಟಿನಿಂದ ಹೊಸ ಮಾಸ್ಕೊಂದನ್ನು ತಂದು, ಬಾತ್‌ರೂಮಿನ ಬಾಗಿಲ ಮುಂದೆ ಕೂತು, ಅದನ್ನು ಅಡಿಯ ಸಂದಿಯಿಂದ ಒಳಗೆ ತಳ್ಳಿದಳು. "ಮನೀ, ಹಾಕ್ಕೊಂಡು ಬಾ ಮಗ. ಯಾರೂ ತೆಗಿಲಿಕ್ಕೆ ಹೇಳುದಿಲ್ಲ. ಅಮ್ಮ ಇಲ್ಲೇ ಇದ್ದೇನೆ." ಸ್ವಲ್ಪ ಹೊತ್ತಿಗೆ ನಲ್ಲಿ ನಿಂತಿತು. ಮತ್ತೂ ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು.

ಆಮೇಲೆ ಎರಡು ದಿನ ಮನೀಶ ಏನೂ ತಿನ್ನಲಿಲ್ಲ. ಮೂರನೆಯ ದಿನ ತೃಪ್ತಿಯ ಮೂಲಕ ಒಂದು ಮಾತು ಹೊರಗೆ ಬಂತು: ಅಜ್ಜ ಮನೆಯಲ್ಲಿದ್ದರೆ ಊಟ ಮಾಡುವುದಿಲ್ಲ.

"ಇದು ಯಾವ ಲೆಕ್ಕದ ಮಾತು?" ಎಂದ ಉಮಾನಾಥ. "ಎಪ್ಪತ್ತೊಂದು ವರ್ಷದವರು ಎಲ್ಲಿಗೆ ಹೋಗಬೇಕು?"

"ಬೆಂಚು ಉಂಟಲ್ಲ," ಎಂದು ದೇಜಪ್ಪ ಚಪ್ಪಲಿ ಮೆಟ್ಟಿಕೊಂಡರು.

ಅಂದಿನಿಂದ ಅದೇ ಪದ್ಧತಿಯಾಯಿತು. ಮಧ್ಯಾಹ್ನ ಹನ್ನೆರಡೂವರೆಗೆ ದೇಜಪ್ಪ ಕೆಳಗಿಳಿಯುವುದು, ಒಂದೂವರೆಗೆ, ಊಟದ ಹೊತ್ತಿಗೆ ಅಂಗಡಿಯಿಂದ ಬರುವ ಜ್ಯೋತಿ ಫೋನಿನಲ್ಲಿ ಮಿಸ್ಡ್ ಕಾಲ್ ಕೊಟ್ಟ ಮೇಲೆ ಹತ್ತಿ ಬಂದು ತಣ್ಣಗಾದದ್ದನ್ನು ಉಣ್ಣುವುದು. ರಾತ್ರಿಯೂ ಹಾಗೆಯೇ. ಸೈದಪ್ಪ ಬೆಂಚಿಗೆ ಬಂದು ಕೂತರೂ ಹುಡುಗನ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ, "ನಾ ಅವತ್ತು ಸುಮ್ಮನಿರಬೇಕಿತ್ರೀ," ಎಂದರು. ದೇಜಪ್ಪ ಮೊಬೈಲ್ ತೆಗೆದು ಗಂಟೆ ನೋಡಿದರು.

ತೃಪ್ತಿ ಶನಿವಾರಗಳಂದು ತಮ್ಮನನ್ನು ಠಾಣೆಯ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋಗತೊಡಗಿದಳು. ಗುಳಿಗೆಗಳು ಬಂದವು. ದೇಜಪ್ಪನವರಿಗೆ ಅದರ ಮೇಲೂ ಸಂಶಯ.

"ನಿದ್ದೆ ಗುಳಿಗೆ ಕೊಟ್ಟು ಮಲಗಿಸುವುದಾದ್ರೆ ಅದಕ್ಕೆ ಡಾಕ್ಟರೇ ಯಾಕೆ?"

"ನಿದ್ದೆದ್ದಲ್ಲ ಮಾವ, ಹೆದರಿಕೆ ಕಡಿಮೆ ಆಗ್ಲಿಕ್ಕೆ," ಎಂದಳು ಜ್ಯೋತಿ. "ನಮ್ಮ ಅಂಗಡಿಗೆ ದಿನಾ ಇದೇ ಚೀಟಿ ಹಿಡ್ಕೊಂಡು ಬರ್ತಾರೆ. ಎಲ್ಲ ಇವನ ಪ್ರಾಯದವರು. ನನ್ನ ಮನೆಗೇ ಬೇಕಾಗ್ತದೆ ಅಂತ ಗೊತ್ತಿರಲಿಲ್ಲ."

ಜನವರಿಯ ಕೊನೆಯ ಶನಿವಾರ ಡಾಕ್ಟರು ಅಜ್ಜನನ್ನೂ ಕರೆಸಿದರು. ದೇಜಪ್ಪ ಬೇರೆ ಗಾಡಿಯಲ್ಲಿ ಹೋದರು. ಮೊಮ್ಮಗ ಕೂತ ಬೋಗಿಯಲ್ಲಿ ಕೂರಬಾರದೆಂದು ಅವರಿಗೇ ಅನಿಸಿತ್ತು. ಡಾಕ್ಟರ ಹೆಸರು ಪೂಜಿತಾ, ಮೈಸೂರಿನ ಕಡೆಯವರು, ವಯಸ್ಸು ಮೂವತ್ತೈದು ಇರಬಹುದು. ಬೈಯುತ್ತಾರೆಂದು ದೇಜಪ್ಪ ಸಿದ್ಧವಾಗಿಯೇ ಕೂತಿದ್ದರು.

"ಆ ವರ್ಷ ನೀವು ಹೇಗಿದ್ರಿ ಸಾರ್?" ಎಂದು ಕೇಳಿದರು ಡಾಕ್ಟರು.

"ಯಾವ ವರ್ಷ?"

"ಲಾಕ್‌ಡೌನ್ ಆದ ವರ್ಷ. ನಿಮ್ಮ ದಿನ ಹೇಗೆ ಕಳೀತಿತ್ತು?"

ದೇಜಪ್ಪ ಅವರನ್ನು ದಿಟ್ಟಿಸಿ ನೋಡಿದರು. "ಕಾಯಿಲೆ ಹುಡುಗನಿಗೆ. ನನ್ನನ್ನು ಯಾಕೆ ಕೇಳ್ತೀರಿ? ನನಗೂ ಗುಳಿಗೆ ಕೊಡುವ ಅಂದಾಜು ಉಂಟಾ?"

"ಇಲ್ಲ ಸಾರ್, ಸುಮ್ನೆ ಕೇಳ್ದೆ."

ದೇಜಪ್ಪ ಗೋಡೆಯ ಮೇಲಿನ ಗಡಿಯಾರ ನೋಡಿದರು. "ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಶರಟು ಹಾಕ್ತಿದ್ದೆ," ಎಂದರು ಕೊನೆಗೆ. "ಹೋಟೆಲಿಗೆ ಹೋಗುವ ಹಾಗೆ. ಹಾಕಿಕೊಂಡು ಹಾಲ್‌ನಲ್ಲೇ ಕೂರ್ತಿದ್ದೆ. ಸಂಜೆ ಬಿಚ್ಚಿಡ್ತಿದ್ದೆ. ಯಾರ ಸ್ವರ ಕೇಳಿದ್ರೂ ಸಿಟ್ಟು ಬರ್ತಿತ್ತು." ಇನ್ನೂ ಏನೋ ಹೇಳಲಿಕ್ಕಿತ್ತು, ಆದರೆ ಅವರು ಎದ್ದುಬಿಟ್ಟರು.

ಮರುದಿನ ಭಾನುವಾರ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಅವರು ಬಾಲ್ಕನಿಯ ಪರದೆಯ ಹತ್ತಿರ ಹೋಗಿ ನಿಂತರು.

"ಮನೀಶಾ. ಆ ಬಂಗುಡೆಯ ಮಾತು ನಾನು ಹೇಳಬಾರದಿತ್ತು."

ಪರದೆಯ ಹಿಂದೆ ಫ್ಯಾನಿನ ಸದ್ದು. ಮನೀಶ, "ನನ್ನ ಬ್ಯಾಗ್ ಯಾಕೆ ನೋಡಿದ್ದು?" ಎಂದು ಕೇಳಿದ.

ಅವರು ಎಣಿಸಿದ್ದ ಪ್ರಶ್ನೆ ಅದಾಗಿರಲಿಲ್ಲ. "ಗುಟ್ಕಾ ಉಂಟಾ ಅಂತ."

"ಪೂಛ್ ಲೇತೇ. ಕೇಳಬಹುದಿತ್ತು."

"ಕೇಳಿದ್ರೆ ಹೇಳ್ತಿದ್ದೆಯಾ?"

"ನಹೀ."

ದೇಜಪ್ಪನವರಿಗೆ ನಗು ಬರುವ ಹಾಗಾಯಿತು, ಬರಲಿಲ್ಲ. "ಇನ್ನು ಮುಟ್ಟುವುದಿಲ್ಲ," ಎಂದರು. ಹನ್ನೆರಡೂವರೆಯಾಗಿತ್ತು, ಅವರು ಕೆಳಗಿಳಿದು ಹೋದರು.

ಬೋರ್ಡಿನ ಓರಲ್ ಇದ್ದದ್ದು ಫೆಬ್ರವರಿಯಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ. ಜೊತೆಗೆ ಬರುತ್ತೇನೆಂದು ತೃಪ್ತಿ ರಜೆ ಹಾಕಲು ಹೊರಟರೆ ಮನೀಶ ಬೇಡವೆಂದ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು, ಕಾಲೇಜಿನವರು ಅವನನ್ನು ಕೊನೆಗೆ ಒಬ್ಬನನ್ನೇ ಕರೆಯಲು ಒಪ್ಪಿದ್ದರು. ಆದರೂ ಮಾಸ್ಕ್ ತೆಗೆಯಲೇಬೇಕಿತ್ತು. ಎಂಟೂವರೆಗೆ ಅವನು ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿಕೊಂಡು ಹೊರಟ.

ದೇಜಪ್ಪ ಅಭ್ಯಾಸದಂತೆ ಹನ್ನೆರಡೂವರೆಗೆ ಬೆಂಚಿಗೆ ಬಂದರು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಮೇಲಿನಿಂದ ಜ್ಯೋತಿ ಗ್ರಿಲ್ಲಿಗೆ ಮುಖ ಒತ್ತಿ, "ಬಂದನಾ ಮಾವ?" ಎಂದು ಕೇಳಿ ಒಳಗೆ ಹೋದಳು. ಎರಡಾಯಿತು. ಇವನು ಹೋಗಿಯೇ ಇಲ್ಲ ಎಂದಿತು ಅವರ ಮನಸ್ಸು. ಕಲ್ಯಾಣ್ ಸ್ಟೇಷನ್ನಿನ ಯಾವುದೋ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೂತಿರುತ್ತಾನೆ, ಬಂದು ಚೆನ್ನಾಗಿ ಆಯಿತು ಎನ್ನುತ್ತಾನೆ, ಜ್ಯೋತಿ ನಂಬುತ್ತಾಳೆ. ಕೌಶಲನ ನಂಬರು ಅವರ ಮೊಬೈಲಿನಲ್ಲಿತ್ತು. ತೆಗೆದರು. ಹೆಸರಿನ ಮೇಲೆ ಬೆರಳಿಟ್ಟು ಹಾಗೆಯೇ ಕೂತಿದ್ದು, ಮೊಬೈಲನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಎರಡೂವರೆಗೆ ಗೇಟಿನಲ್ಲಿ ಮನೀಶ ಕಂಡ. ಮಾಸ್ಕ್ ಒಂದೇ ಇತ್ತು. ಕೈಯಲ್ಲೊಂದು ಕಾಗದದ ಪೊಟ್ಟಣ. ನೇರ ಮೆಟ್ಟಲಿಗೆ ಹೋಗುತ್ತಾನೆಂದು ದೇಜಪ್ಪ ಕಾಲು ಹಿಂದಕ್ಕೆಳೆದುಕೊಂಡರು. ಅವನು ಬೆಂಚಿನ ಆ ತುದಿಗೆ ಬಂದು ಕೂತ. ಬ್ಯಾಗನ್ನು ಇಬ್ಬರ ನಡುವೆ ಇಟ್ಟ. ಝಿಪ್ ಅರ್ಧ ತೆರೆದಿತ್ತು, ಹಾಲ್‌ಟಿಕೆಟ್ಟಿನ ಪ್ಲಾಸ್ಟಿಕ್ ಕವರಿನ ಮೂಲೆ ಹೊರಗೆ ಇಣುಕುತ್ತಿತ್ತು. ಓರಲ್‌ಗೆ ಕೂತವರದ್ದಕ್ಕೆ ಎಕ್ಸಾಮಿನರರ ಸಹಿ ಬೀಳುತ್ತದೆಂದು ತೃಪ್ತಿ ಹೇಳಿದ್ದು ಅವರಿಗೆ ಗೊತ್ತಿತ್ತು. ಒಂದು ಬೆರಳಿನಿಂದ ಸರಿಸಿದರೆ ಕಾಣುತ್ತಿತ್ತು. ಅವರು ಕೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡರು.

"ಮೇಲೆ ಹೋಗು," ಎಂದರು. "ಅಮ್ಮ ಕಾಯ್ತಿದ್ದಾಳೆ. ನಾನು ಇಲ್ಲೇ ಇರ್ತೇನೆ."

"ಭೂಕ್ ಲಗೀ ಹೈ. ಇಲ್ಲೇ ತಿಂತೇನೆ." ಪೊಟ್ಟಣ ಬಿಚ್ಚಿದ ಸದ್ದಾಯಿತು, ಬಿಸಿ ವಡಾಪಾವಿನ ವಾಸನೆ ಬಂತು. ಸ್ವಲ್ಪ ಹೊತ್ತಾದ ಮೇಲೆ ಮನೀಶ ಹೇಳಿದ: "ಅಜ್ಜ, ಆ ಕಡೆ ನೋಡಿ."

ದೇಜಪ್ಪ ಇಡೀ ಮೈಯನ್ನೇ ಗೇಟಿನ ಕಡೆಗೆ ತಿರುಗಿಸಿ ಕೂತರು. ಬೆನ್ನ ಹಿಂದೆ ಕಿವಿಯಿಂದ ದಾರ ಬಿಡಿಸಿದ ಸಣ್ಣ ಸಪ್ಪಳ. ಹಸಿಮೆಣಸು ಕಚ್ಚಿದ್ದು, ಖಾರಕ್ಕೆ ಉಸಿರೆಳೆದದ್ದು, ಅಗಿದದ್ದು, ಎಲ್ಲ ಕೇಳಿಸಿತು. ಆಗಲೇ ಎದುರಿನಿಂದ ಸೈದಪ್ಪ ಸಂಚಿ ಹಿಡಿದುಕೊಂಡು ಬರುತ್ತಿದ್ದರು. ಬೆಂಚಿನ ಕಡೆ ಎರಡು ಹೆಜ್ಜೆ ಇಟ್ಟಿದ್ದರಷ್ಟೇ, ದೇಜಪ್ಪ ಕೈ ಎತ್ತಿ ತಡೆದರು. ಸೈದಪ್ಪ ನಿಂತರು. ಏನು ಅರ್ಥವಾಯಿತೋ, ವಾಚ್‌ಮನ್ನನ ಕುರ್ಚಿಯ ಹತ್ತಿರ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತುಕೊಂಡರು.

"ಎರಡು ತಂದಿದ್ದೆ," ಎಂದ ಮನೀಶ, ಬಾಯಿ ತುಂಬಿಕೊಂಡೇ. "ಒಂದು ಬೇಕಾ?"

ದೇಜಪ್ಪ ತಿರುಗದೆ ಕೈಯನ್ನಷ್ಟೇ ಹಿಂದಕ್ಕೆ ಚಾಚಿದರು. ಅಂಗೈಯ ಮೇಲೆ ಬಿಸಿ ಬಿಸಿ ಪಾವು ಬಂದು ಕೂತಿತು. ಓರಲ್ ಏನಾಯಿತು ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊದಲ ತುತ್ತಿನ ಜೊತೆ ಅದನ್ನೂ ನುಂಗಿಕೊಂಡರು. ಒಬ್ಬರು ಗೇಟಿನ ಕಡೆ, ಒಬ್ಬ ಗೋಡೆಯ ಕಡೆ ಮುಖ ಮಾಡಿಕೊಂಡು ಇಬ್ಬರೂ ತಿನ್ನುತ್ತ ಕೂತರು.